ಏಳು ಡಬ್ಬಿ ಹೋಗಿ ಒಂದು ಡಬ್ಬಿ ಉಳೀತು: ಫೈಬ್ರೊಗೆ ಆಂಟಿಆಕ್ಸಿಡೆಂಟ್, ನನ್ನ ಅನುಭವ

ಇದನ್ನ ಬರೀತಿರೋದು ಸ್ವಲ್ಪ ಹಟಕ್ಕೇ ಅನ್ಕೊಳ್ಳಿ. ನಂಗಿರೋದು ಫೈಬ್ರೊಮಯಾಲ್ಜಿಯಾ (ಫೈಬ್ರೊ), ಅಂದ್ರೆ ಮೈಯೆಲ್ಲಾ ನೋವು, ಸುಸ್ತು ಬಿಡದೇ ಕಾಡೋ ಕಾಯಿಲೆ, ಅದಕ್ಕೆ ಅಂತ ಆಂಟಿಆಕ್ಸಿಡೆಂಟ್ ಮಾತ್ರೆ ರಾಶಿ ನುಂಗ್ತಿದ್ದೆ. ಎರಡು ವರ್ಷದ ಹಿಂದೆ ನಾನು "ಒಂದೊಂದೇ ಟೆಸ್ಟ್ ಮಾಡಿ ನೋಡ್ತೀನಿ, ಕೆಲಸಕ್ಕೆ ಬರದೇ ಇರೋದನ್ನೆಲ್ಲ ಕಿತ್ತಾಕ್ತೀನಿ" ಅಂದಾಗ ನಕ್ಕವರೇ ಜಾಸ್ತಿ. ನಮ್ಮನೆಯವರು "ನಿಂಗೆ ಒಂದೊಂದು ದಿನ ಒಂದೊಂದು ಥರ ಇರುತ್ತೆ, ಅದ್ರಲ್ಲಿ ಏನಂತ ಲೆಕ್ಕ ಇಡ್ತೀಯಾ" ಅಂದ್ರು. ಡಾಕ್ಟ್ರು ನಗ್ಲಿಲ್ಲ, ಆದ್ರೆ ನಂಬ್ಲೂ ಇಲ್ಲ. ಅಕ್ಕ ಒಬ್ಳೇ ಕಪಾಟು ತೆಗೆದು ನೋಡಿ "ಏನೇ ಇದು, ಮೆಡಿಕಲ್ ಶಾಪ್ ಇಟ್ಟಿದೀಯಾ?" ಅಂತ ಬೈದು, ಆಮೇಲೆ ಸಹಾಯಕ್ಕೂ ಅವಳೇ ನಿಂತ್ಲು.

ಆಗ ಇದ್ದಿದ್ದು ಏಳು ಡಬ್ಬಿ. ಕೋಕ್ಯೂ 10 (ಜೀವಕೋಶಗಳಿಗೆ ಶಕ್ತಿ ತಯಾರಿಸೋಕೆ ಬೇಕಾದ, ಮೈಯಲ್ಲೇ ಇರೋ ಪದಾರ್ಥ), ಆಲ್ಫಾ ಲಿಪೊಯಿಕ್ ಆಸಿಡ್ ಇರೋ "ನರ್ವ್" ಕಾಂಬಿನೇಷನ್, ಎನ್‌ಎಸಿ (ಕಫ ಕರಗಿಸೋಕೂ ಕೊಡೋ ಔಷಧ), ವಿಟಮಿನ್ ಸಿ ಸಾವಿರ ಎಂಜಿ, ಗ್ಲುಟಾಥಯೋನ್, ಪೈಪರಿನ್ ಸೇರಿಸಿದ ಕರ್ಕ್ಯುಮಿನ್, ಜೊತೆಗೆ ಒಂದು ಮಲ್ಟಿವಿಟಮಿನ್. ತಿಂಗಳ ಖರ್ಚು ನೋವಿಗೆ ತಗೊಳೋ ಡುಲಾಕ್ಸೆಟಿನ್ ಮಾತ್ರೆ ಖರ್ಚಿನ ಮೂರು ಪಟ್ಟು ಹತ್ರ ಹತ್ರ. ಇಷ್ಟೆಲ್ಲ ನುಂಗಿನೂ ಬೆಳಗ್ಗೆ ಎದ್ದು ಬ್ರಷ್ ಹಿಡಿಯೋಕೆ ಬೆರಳು ಮಡಚ್ತಿರ್ಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗೆ.

ಮೊದಲ ಸಲ ಕೈ ಸುಟ್ಕೊಂಡಿದ್ದು ಆ ನರ್ವ್ ಮಾತ್ರೆಯಿಂದ, ಇದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ ಯಾಕಂದ್ರೆ ನಮ್ಮಲ್ಲಿ ತುಂಬಾ ಜನ ಇದನ್ನೇ ನುಂಗ್ತಿರ್ತಾರೆ. ಲಿಪೊಯಿಕ್ ಆಸಿಡ್ ಅಂತ ತಗೊಂಡೆ, ಅದ್ರ ಜೊತೆ ವಿಟಮಿನ್ ಬಿ6 ಇತ್ತು. ಮಲ್ಟಿವಿಟಮಿನ್‌ನಲ್ಲೂ ಬಿ6. ಮಧ್ಯೆ ನಿದ್ದೆಗೆ ಅಂತ ಶುರು ಮಾಡಿದ್ದ ಮೆಗ್ನೀಶಿಯಂನಲ್ಲೂ ಬಿ6! ಯಾವ ಡಬ್ಬಿ ನೋಡಿದ್ರೂ ಕಮ್ಮಿನೇ ಅನ್ಸುತ್ತೆ, ಒಟ್ಟು ಕೂಡಿಸಿದ್ರೆ ದಿನಕ್ಕೆ 60 ಎಂಜಿ ಆಸುಪಾಸು, ಅದೂ ಏಳೆಂಟು ತಿಂಗಳು. ಪಾದದಲ್ಲಿ ಜೋಮು, ಇರುವೆ ಹರಿದಂಗೆ. ನಾನೋ, ಫೈಬ್ರೊನೇ ಜಾಸ್ತಿ ಆಗಿದೆ ಅಂತ ನರ್ವ್ ಮಾತ್ರೆನ ದಿನಕ್ಕೆ ಎರಡು ಮಾಡ್ಕೊಂಡೆ. ಬಿ6 ಅತಿಯಾದ್ರೆ ಅದೇ ನರಕ್ಕೆ ಏಟು ಕೊಡುತ್ತೆ ಅನ್ನೋದು ಡಾಕ್ಟ್ರು ಎಲ್ಲಾ ಡಬ್ಬಿ ತಗೊಂಡ್ಬನ್ನಿ ಅಂದ ದಿನ ಗೊತ್ತಾಯ್ತು. ನಿಲ್ಸಿ ಜೋಮು ಹೋಗೋಕೆ ನಾಲ್ಕು ತಿಂಗಳು ಹಿಡೀತು. ದುಡ್ಡು ಕೊಟ್ಟು ಹೊಸಾ ಕಾಯಿಲೆ ತಂದ್ಕೊಂಡಿದ್ದೆ ನಾನು.

ಅದೇ ಮಲ್ಟಿವಿಟಮಿನ್‌ನಲ್ಲಿ ಬಯೋಟಿನ್ ಬೇರೆ ಸಾವಿರಗಟ್ಟಲೆ ಮೈಕ್ರೋಗ್ರಾಂ. ಥೈರಾಯ್ಡ್ ಟೆಸ್ಟ್ ಮಾಡ್ಸಿದ್ರೆ ಅದ್ರಲ್ಲಿ ನೋಡೋ ಹಾರ್ಮೋನ್ ಟಿಎಸ್‌ಎಚ್ ಪಾತಾಳಕ್ಕೆ, ಮನೆಯವರಿಗೆಲ್ಲ ಗಾಬರಿ. ಕೆಲವು ಲ್ಯಾಬ್ ಮೆಥಡ್‌ಗಳಲ್ಲಿ ಬಯೋಟಿನ್ ರಿಸಲ್ಟ್‌ನ ಹಿಂಗೇ ತಿರುಚುತ್ತೆ. ನಿಲ್ಸಿ ವಾರ ಬಿಟ್ಟು ಮಾಡ್ಸಿದ್ರೆ ನಾರ್ಮಲ್. ಆ ಡಬ್ಬಿ ಅವತ್ತೇ ಕಸಕ್ಕೆ.

ಉಳಿದವುಗಳ ಕಥೆ ಬೇಗ ಮುಗಿಸ್ತೀನಿ. ಗ್ಲುಟಾಥಯೋನ್ ಎಲ್ಲಕ್ಕಿಂತ ದುಬಾರಿ, ನುಂಗಿದ್ರೆ ಹೊಟ್ಟೆಯಲ್ಲೇ ಬಹುಪಾಲು ಒಡೆದುಹೋಗುತ್ತೆ, ಬಿಟ್ಟಾಗ ಏನೂ ವ್ಯತ್ಯಾಸ ಆಗ್ಲಿಲ್ಲ. ವಿಟಮಿನ್ ಸಿ ಒಂದೇ ಸಲ ಸಾವಿರ ಎಂಜಿ ಹಾಕಿದ್ರೆ ಹತ್ರ ಹತ್ರ ಅರ್ಧ ಮೈಗೆ ಹತ್ತೋದೇ ಇಲ್ಲ, 200 ಎಂಜಿಯಾದ್ರೆ ಪೂರ್ತಿ ಹತ್ತುತ್ತೆ, ಊಟದಲ್ಲೇ ಅಷ್ಟು ಬರುತ್ತಲ್ಲ ಅಂತ ಅದನ್ನೂ ಬಿಟ್ಟೆ. ಕರ್ಕ್ಯುಮಿನ್‌ನಲ್ಲಿರೋ ಪೈಪರಿನ್ ಬೇರೆ ಮಾತ್ರೆಗಳ ಮಟ್ಟನೂ ರಕ್ತದಲ್ಲಿ ಏರ್ಸಬಹುದು, ಇದು ಗೊತ್ತಾದ್ಮೇಲೆ ಧೈರ್ಯ ಬರ್ಲಿಲ್ಲ. ಲಿಪೊಯಿಕ್ ಆಸಿಡ್ ಬಿ6 ಇಲ್ಲದೇ ಬರೀ 600 ಎಂಜಿ ಅಂತ ಮತ್ತೊಂದ್ಸಲ ನೋಡಿದೆ, ಖಾಲಿ ಹೊಟ್ಟೇಲಿ ತಗೋಬೇಕು ಅಂತಾರೆ, ಎದೆ ಉರಿ ತಡೆಯೋಕಾಗ್ದೆ ಮೂರೇ ವಾರಕ್ಕೆ ಕೈಬಿಟ್ಟೆ. ಡಯಾಬಿಟಿಸ್ ನರದ ನೋವಿಗೆ ಅದಕ್ಕೆ ಹೆಸರಿದೆ ನಿಜ, ಆದ್ರೆ ಫೈಬ್ರೊದವರ ಮೇಲೇ ಮಾಡಿದ ಇಂಪಾಲಾ ಟ್ರಯಲ್, 2021ರಲ್ಲಿ ಬಂತು, ಅದ್ರಲ್ಲಿ ಒಟ್ಟಾರೆ ನೋವು ಕಮ್ಮಿ ಮಾಡೋದ್ರಲ್ಲಿ ಖಾಲಿ ಮಾತ್ರೆನ (ಔಷಧ ಇಲ್ಲದ ನಕಲಿ ಮಾತ್ರೆ) ಅದು ಮೀರಿಸಲೇ ಇಲ್ಲ.

ಉಳಿದಿದ್ದು ಎರಡು, ಎನ್‌ಎಸಿ ಮತ್ತೆ ಕೋಕ್ಯೂ 10. ಇಲ್ಲಿಂದ ನನ್ನ ಮೆಥಡ್ ಶುರು.

ಖಾಲಿ ಕ್ಯಾಪ್ಸೂಲ್ ಇಟ್ಕೊಂಡು ಕಣ್ಕಟ್ಟಿ ಟೆಸ್ಟ್ ಮಾಡೋದು, ಅಂದ್ರೆ ನುಂಗ್ತಿರೋದು ಅಸಲಿನೋ ಖಾಲಿನೋ ಅಂತ ನಂಗೇ ಗೊತ್ತಾಗದ ಹಂಗೆ. 00 ಸೈಜಿನ, ಒಳಗೆ ಕಾಣದಂಥ ಬಿಳೀ ಕ್ಯಾಪ್ಸೂಲ್ ತರಿಸ್ದೆ, ಒಂದು ಬ್ಯಾಚ್‌ಗೆ ಕೋಕ್ಯೂ 10 ಕ್ಯಾಪ್ಸೂಲ್‌ನ ಇಡೀಯಾಗಿ ಒಳಗೆ ಕೂರ್ಸೋದು, ಇನ್ನೊಂದಕ್ಕೆ ಬರೀ ಸೆಲ್ಯುಲೋಸ್ ಪುಡಿ. ಎಣ್ಣೆಯಲ್ಲಿರೋ ಸಾಫ್ಟ್‌ಜೆಲ್ ಚೆನ್ನಾಗಿ ಹತ್ತುತ್ತೆ, ಆದ್ರೆ ಇದ್ರೊಳಗೆ ಹಿಡಿಯಲ್ಲ, ಅದಕ್ಕೇ ಪುಡಿ ಇರೋ 100 ಎಂಜಿದು ತಗೊಂಡಿದ್ದು. ಒಂದು ಎಡವಟ್ಟಾಯ್ತು. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಅಸಲಿ ಟಕ್ ಟಕ್ ಅನ್ನುತ್ತೆ, ಖಾಲಿದು ಅನ್ನಲ್ಲ! ಎರಡೇ ದಿನಕ್ಕೆ ಕಂಡುಹಿಡಿದುಬಿಟ್ಟೆ, ಮೊದಲ ಬ್ಯಾಚ್ ಪೂರ್ತಿ ದಂಡ. ಅಕ್ಕ ಅದಕ್ಕೆ ಒಂದು ಉಪಾಯ ಮಾಡಿದ್ಲು, ತೂಕನೂ ಸದ್ದೂ ಎರಡೂ ಒಂದೇ ಆಗೋ ಹಂಗೆ. ಅದನ್ನ ಇಲ್ಲಿ ಬರೆಯಲ್ಲ, ಎಷ್ಟೋ ರಾತ್ರಿ ಕೂತು ಕಲಿತಿದ್ದು.

ಎನ್‌ಎಸಿನ ಈ ಥರ ಮಾಡೋಕೇ ಆಗ್ಲಿಲ್ಲ. ಮುಚ್ಚಳ ತೆಗೆದ್ರೆ ಕೊಳೆತ ಮೊಟ್ಟೆ ವಾಸನೆ, ನುಂಗಿದ ಅರ್ಧ ಗಂಟೆಗೆ ಅದೇ ತೇಗು. ಯಾವುದು ಅಸಲಿ ಅಂತ ಪಕ್ಕದಲ್ಲಿ ಕೂತವರಿಗೂ ಗೊತ್ತಾಗುತ್ತೆ. ಎರಡು ತಿಂಗಳು 600 ಎಂಜಿ ಸುಮ್ನೇ ತಗೊಂಡು ನೋಡಿದೆ, ಕಫ ಕಮ್ಮಿ ಆಯ್ತು, ನೋವು ಇದ್ದಲ್ಲೇ ಇತ್ತು, ಬಿಟ್ಟೆ.

ಕೋಕ್ಯೂ 10 ಮಾತ್ರ ನಾಲ್ಕು ರೌಂಡ್, ಐದೈದು ವಾರ. ಯಾವ ರೌಂಡ್ ಯಾವುದು ಅನ್ನೋದು ಅಕ್ಕನ ಡೈರಿಯಲ್ಲಿ, ಡೈರಿ ಅವಳ ಬೀರುವಲ್ಲಿ. ಪ್ರತಿ ರೌಂಡಿನ ಮೊದಲ ಎರಡು ವಾರ ಲೆಕ್ಕಕ್ಕಿಲ್ಲ, ಯಾಕಂದ್ರೆ ಇದು ಮೈಯಿಂದ ನಿಧಾನಕ್ಕೆ ಹೋಗೋ ಐಟಂ. ಡೋಸ್ ದಿನಕ್ಕೆ 300 ಎಂಜಿ ಇಟ್ಟಿದ್ದು 2013ರ ಸ್ಪೇನ್ ಸ್ಟಡಿ ನೋಡಿ, ಅವರು ಕೊಟ್ಟಿದ್ದೂ ಅಷ್ಟೇ, 40 ದಿನ, ಆದ್ರೆ ಜನ ಬರೀ 20, ಅದಕ್ಕೇ ನಾನು ಅದನ್ನ ಕಣ್ಣುಮುಚ್ಚಿ ನಂಬ್ಲಿಲ್ಲ. ಬೆಳಗ್ಗೆ ಎರಡು ಮಧ್ಯಾಹ್ನ ಒಂದು, ಜಿಡ್ಡು ಇರೋ ಊಟದ ಜೊತೆಗೇ. ಶುರುವಲ್ಲಿ ರಾತ್ರಿ ತಗೊಂಡು ನಿದ್ದೆ ಕೆಡಿಸ್ಕೊಂಡಿದ್ದೆ. ಡುಲಾಕ್ಸೆಟಿನ್, ವಾಕಿಂಗ್, ಮಲಗೋ ಟೈಮು ಯಾವ್ದೂ ಬದಲಾಯಿಸ್ಲಿಲ್ಲ. ವಾರಕ್ಕೊಂದು ಸಲ ಎಫ್‌ಐಕ್ಯೂಆರ್ ಅನ್ನೋ ಫಾರಂ ತುಂಬೋದು, ಫೈಬ್ರೊ ಎಷ್ಟು ಕಾಡ್ತಿದೆ ಅಂತ ಅಳೆಯೋಕೆ, 21 ಪ್ರಶ್ನೆ, ನೂರಕ್ಕೆ ಸ್ಕೋರ್, ಜಾಸ್ತಿ ಬಂದಷ್ಟೂ ಕೆಟ್ಟದ್ದು.

ಮೂರನೇ ರೌಂಡಲ್ಲಿ ಒಂದು ಕ್ಯಾಪ್ಸೂಲ್ ಒಡೆದು ನೋಡಿಬಿಡೋಣ, ಕಿತ್ತಳೆ ಬಣ್ಣ ಇದ್ರೆ ಅಸಲಿ, ಅಂತ ಕೈಗೆ ತಗೊಂಡಿದ್ದು ನಿಜ. ಒಡೀಲಿಲ್ಲ. ಆ ರೌಂಡು ಖಂಡಿತಾ ಖಾಲಿದೇ ಅಂತ ಅಕ್ಕನ ಹತ್ರ ಬೆಟ್ ಕಟ್ಟಿ ಸೋತೆ.

ಡೈರಿ ತೆಗೆದ ದಿನ ಲೆಕ್ಕ ಹಿಂಗಿತ್ತು, ನೆನಪಿಂದ ಹೇಳ್ತಿದೀನಿ. ಖಾಲಿ ರೌಂಡ್ ಎರಡ್ರಲ್ಲಿ 58, 61ರ ಆಸುಪಾಸು. ಅಸಲಿ ಎರಡ್ರಲ್ಲಿ 47, 49. ಒಂದು ಖಾಲಿ ರೌಂಡಲ್ಲಿ ವೈರಲ್ ಜ್ವರ ಬಂದಿತ್ತು, ಆ ವಾರ ಕಳೆದ್ರೂ ವ್ಯತ್ಯಾಸ ಹತ್ತರ ಹತ್ರ ಉಳೀತು. ಹಳೇ ಎಫ್‌ಐಕ್ಯೂ (ಇದೇ ಫಾರಂನ ಮೊದಲಿನ ರೂಪ) ಸ್ಕೋರಿಗೆ ಶೇಕಡಾ 14 ಇಳಿದ್ರೆ ಅದು ಲೆಕ್ಕಕ್ಕೆ ಬರೋ ಬದಲಾವಣೆ ಅಂತಾರೆ, ನಂದು ಅದಕ್ಕಿಂತ ಜಾಸ್ತಿನೇ. ನೋವು ಹೋಯ್ತಾ? ಇಲ್ಲ. ಆದ್ರೆ ಸುಸ್ತು ಕಮ್ಮಿ, ಮಧ್ಯಾಹ್ನ ಮೂರು ಗಂಟೆಗೆ ಮಲಗ್ಲೇಬೇಕು ಅನ್ನೋದು ಹೋಗಿದೆ. ಡಾಕ್ಟ್ರು ಹಾಳೆನ ಎರಡು ಸಲ ತಿರುಗಿಸಿ ನೋಡಿ "ಇದ್ರ ಕಾಪಿ ನಂಗೊಂದು ಕೊಡ್ತೀರಾ" ಅಂದ್ರು. ಅವತ್ತು ಮನೆಗೆ ನಡ್ಕೊಂಡೇ ಬಂದೆ ನಾನು.

ಇದು ನನ್ನೊಬ್ಬಳ ಮೈಯ ಲೆಕ್ಕ ಅಷ್ಟೇ, ನಿಮ್ಮಲ್ಲಿ ಎನ್‌ಎಸಿನೇ ಗೆಲ್ಲಬಹುದು. ವಾರ್ಫರಿನ್ (ರಕ್ತ ಹೆಪ್ಪುಗಟ್ಟದ ಹಂಗೆ ಮಾಡೋ ಮಾತ್ರೆ) ತಗೊಳೋರು ಕೋಕ್ಯೂ 10 ಮುಟ್ಟೋ ಮುಂಚೆ ಡಾಕ್ಟ್ರನ್ನ ಕೇಳ್ಲೇಬೇಕು, ಅದ್ರ ಕೆಲಸಕ್ಕೆ ಅಡ್ಡ ಬರಬಹುದು. ಬಿಪಿ ಮಾತ್ರೆ, ಶುಗರ್ ಮಾತ್ರೆಯವರೂ ಅಷ್ಟೇ.

ಇನ್ನು ದುಡ್ಡು. ಡಬ್ಬಿಯ ರೇಟ್ ನೋಡ್ಬೇಡಿ, 100 ಎಂಜಿಗೆ ಎಷ್ಟು ಬೀಳುತ್ತೆ ನೋಡಿ. ಮುಂದೆ ದಪ್ಪಕ್ಷರದಲ್ಲಿ 300 ಎಂಜಿ ಅಂತಿರುತ್ತೆ, ಹಿಂದೆ ಸಣ್ಣಕ್ಷರದಲ್ಲಿ ಒಂದು ಸರ್ವಿಂಗ್ ಅಂದ್ರೆ ಮೂರು ಕ್ಯಾಪ್ಸೂಲ್ ಅಂತ, ನಾನು ಎರಡು ಸಲ ಇದಕ್ಕೇ ಬಿದ್ದಿದೀನಿ. "ಬ್ಲೆಂಡ್" ಅಂತ ಹಾಕಿ ಯಾವುದೆಷ್ಟು ಅಂತ ಬಿಡಿಸಿ ಹೇಳದೇ ಇದ್ರೆ ವಾಪಸ್ ಇಡಿ. ಯುಬಿಕ್ವಿನಾಲ್ ಅಂತ ಕೋಕ್ಯೂ 10ರದ್ದೇ ಇನ್ನೊಂದು ರೂಪ ಬರುತ್ತಲ್ಲ, ನಾನು ನೋಡಿದಾಗ ಮಾಮೂಲಿ ಯುಬಿಕ್ವಿನೋನ್‌ನ ಎರಡೂವರೆ ಮೂರು ಪಟ್ಟು ರೇಟು. ಮೈಯೊಳಗೆ ಒಂದು ಇನ್ನೊಂದಾಗಿ ಬದಲಾಗ್ತಾನೇ ಇರುತ್ತೆ, ನಂಗೆ ಅಗ್ಗದ್ದೇ ಸಾಕಾಯ್ತು. ಬಿಡಿ ಐಟಂ, ಒಂದೇ ಪದಾರ್ಥ, ದೊಡ್ಡ ಪ್ಯಾಕ್, ಎಕ್ಸ್‌ಪೈರಿ ನೋಡ್ಕೊಂಡು. ಈಗ ಖರ್ಚು ಮುಂಚಿನದ್ರಲ್ಲಿ ಕಾಲು ಭಾಗಕ್ಕಿಂತ ಕಮ್ಮಿ.

ಇನ್ನೂ ಕಮ್ಮಿ ಮಾಡ್ಬಹುದೇನೋ ಅಂತ ಈಗ 300 ವರ್ಸಸ್ 100 ನಡೀತಿದೆ, ಮೂರನೇ ವಾರ. ಈ ಸಲ ಬೆಟ್ ಕಟ್ಟಿಲ್ಲ. ಅಕ್ಕ ಕ್ಯಾಪ್ಸೂಲ್ ತುಂಬೋಕೆ ಕೂಲಿ ಕೇಳ್ತಿದಾಳೆ.