ರೆಕ್ಸಿನ್ ಕೊಳ್ಳುವ ಮೊದಲು ಸೀಟು ಬಿಚ್ಚಿ

ಹಳೆಯ ಅಂಬಾಸಿಡರ್‌ಗೆ ಹೊಸ ಕುಶನ್ ಮಾಡಿಸುವ ಬಗೆ

ಟಿಂಕರಿಂಗ್ ಆಯಿತು, ಪೇಂಟೂ ಆಯಿತು. ಬಾಗಿಲು ತೆಗೆದರೆ ಮಾತ್ರ ಹರಿದ ರೆಕ್ಸಿನ್, ಜೋತುಬಿದ್ದ ಟಾಪ್ ಲೈನಿಂಗ್ (ಚಾವಣಿಯ ಒಳಬಟ್ಟೆ), ಕೂತರೆ ಕಿರುಗುಡುವ ಸ್ಪ್ರಿಂಗು. ಇಲ್ಲಿ ಹೆಚ್ಚಿನವರು ನೇರ ಅಂಗಡಿಗೆ ಹೋಗಿ ಬಣ್ಣ ಆರಿಸುತ್ತಾರೆ. ಬಣ್ಣದ ಸರದಿ ಬರುವುದು ಕೊನೆಗೆ. ಮೊದಲು ಕೆಲಸದವರನ್ನು ಗೊತ್ತುಮಾಡಿ, ಆಮೇಲೆ ಸೀಟು ಬಿಚ್ಚಿಸಿ ಒಳಗೇನಿದೆ ನೋಡಿ, ಅನಂತರ ರೆಕ್ಸಿನ್ ಕೊಳ್ಳಿ. ಈ ಕ್ರಮ ತಪ್ಪಿದರೆ ಒಂದೇ ಸೀಟಿಗೆ ಎರಡು ಸಲ ದುಡ್ಡು ಹಾಕಬೇಕಾಗುತ್ತದೆ.

ಕೆಲಸದವರನ್ನು ಹುಡುಕುವುದು

ಸೀಟ್ ಕವರ್ ಅಂಗಡಿಯೇ ಬೇರೆ, ಕುಶನ್ ಕೆಲಸದವರೇ ಬೇರೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸಾಲುಸಾಲು ಸಿಗುವ ಕವರ್ ಅಂಗಡಿಗಳಲ್ಲಿ ಹೊಸ ಕಾರುಗಳಿಗೆ ಅಳತೆ ಮಾಡಿಟ್ಟ ಕವರನ್ನು ಹಳೆಯದರ ಮೇಲೆ ಎಳೆದು ಕಟ್ಟುತ್ತಾರೆ. ಅಂಬಾಸಿಡರ್‌ಗೆ ಬೇಕಾದವರು ಹಳೆ ಹೊದಿಕೆ ಕಿತ್ತು, ಸ್ಪ್ರಿಂಗ್ ಸರಿಮಾಡಿ, ಮೇಲೆ ಹೊಸದು ಹೊಲಿಯಬಲ್ಲವರು. ಇಂಥವರು ಗ್ಯಾರೇಜುಗಳ ಪಕ್ಕದ ಸಣ್ಣ ಶೆಡ್ಡುಗಳಲ್ಲಿ, ಬಸ್ಸು–ಟ್ಯಾಕ್ಸಿ ಸೀಟು ಮಾಡುತ್ತಾ ಇರುತ್ತಾರೆ. ಬೋರ್ಡಿಗೆ ಮರುಳಾಗದೆ ಮಷಿನ್ ನೋಡಿ. ಸಾಮಾನ್ಯ ಹೊಲಿಗೆ ಮಷಿನ್ನಿನ ಹಲ್ಲು ಕೆಳಗಿನ ಪದರವನ್ನಷ್ಟೇ ಎಳೆಯುತ್ತದೆ. ಪೈಪಿಂಗ್ (ಜೋಡಣೆಯ ಅಂಚಿಗೆ ಕೊಡುವ ದುಂಡನೆಯ ಪಟ್ಟಿ) ಇಟ್ಟ ಕಡೆ ರೆಕ್ಸಿನ್ನಿನ ನಾಲ್ಕು ಪದರ ಒಟ್ಟಿಗೆ ಬರುವುದರಿಂದ ಮೇಲಿನದು ಹಿಂದುಳಿದು ನೆರಿಗೆ ಬೀಳುತ್ತದೆ, ಪೈಪಿಂಗ್ ಹಾವಿನ ಹಾಗೆ ಸುತ್ತುತ್ತದೆ. ಸೂಜಿಯ ಜೊತೆಗೆ ಬಟ್ಟೆ ಒತ್ತಿಹಿಡಿಯುವ ಕಾಲೂ ನಡೆಯುವ ‘ವಾಕಿಂಗ್ ಫುಟ್’ ಮಷಿನ್ ಇದ್ದರೆ ಅರ್ಧ ನೆಮ್ಮದಿ.

ಅಲ್ಲಿ ಮುಗಿದ ಸೀಟು ಯಾವುದಾದರೂ ಇದ್ದರೆ ಮಗುಚಿ ತಳ ನೋಡಲು ಕೇಳಿ. ಮೇಲೆ ಎಲ್ಲರ ಕೆಲಸವೂ ಚೆಂದವೇ. ತಳದಲ್ಲಿ ಅಂಚನ್ನು ಚೌಕಟ್ಟಿಗೆ ಹಿಡಿದಿಡುವ ಕಬ್ಬಿಣದ ರಿಂಗುಗಳು ಮೂರು–ನಾಲ್ಕು ಇಂಚಿಗೊಂದರಂತೆ ಸಾಲಾಗಿವೆಯೇ, ಇಲ್ಲ ಅಲ್ಲೊಂದು ಇಲ್ಲೊಂದು ತಂತಿ ಸುತ್ತಿ ಬಿಟ್ಟಿದ್ದಾರೆಯೇ? ಒರಗುವ ಭಾಗದ ಉದ್ದ ಪಟ್ಟಿಗಳು ಕೂರುವ ಭಾಗದ ಪಟ್ಟಿಗಳಿಗೆ ನೇರ ಕೂಡುತ್ತವೆಯೇ? ಮೂಲೆಯಲ್ಲಿ ಪೈಪಿಂಗ್ ಮುರಿದಂತೆ ಕಾಣದೆ ದುಂಡಗೆ ತಿರುಗಿದೆಯೇ?

ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: “ಹಳೇ ಕವರ್ ಏನು ಮಾಡ್ತೀರಿ?” “ಹೊಲಿಗೆ ಬಿಚ್ಚಿ ಅಳತೆಗೆ ಇಟ್ಕೋತೀನಿ ಸಾರ್” ಎಂದರೆ ಮಾತು ಮುಂದುವರಿಸಿ. ಅದಕ್ಕೂ ಒಂದು ಎಚ್ಚರಿಕೆ ಬೇಕು. ಮೂವತ್ತು ವರ್ಷ ಜನ ಕೂತ ರೆಕ್ಸಿನ್ ಹಿಗ್ಗಿರುತ್ತದೆ. ಅದನ್ನೇ ಅಚ್ಚು ಮಾಡಿ ಕತ್ತರಿಸಿದರೆ ಹೊಸ ಕವರ್ ಸಡಿಲವಾಗುತ್ತದೆ. ಹಿಗ್ಗಿದಷ್ಟನ್ನು ಕಳೆದು ಅಳತೆ ಹಾಕುವವರು ನಿಜವಾದ ಕಸುಬುದಾರರು.

ಫೋಮ್, ದಾರ, ರಿಂಗು ಯಾರದು, ಸ್ಪ್ರಿಂಗ್ ಕೆಲಸ ಕೂಲಿಯಲ್ಲಿ ಸೇರಿದೆಯೇ, ಎಷ್ಟು ದಿನ—ಇಷ್ಟನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಮೊದಲು ಮುಂದಿನ ಸೀಟೊಂದನ್ನೇ ಮಾಡಿಸಿ, ಕೂತು ನೋಡಿ, ಆಮೇಲೆ ಉಳಿದದ್ದು.

ಸೀಟಿನ ಒಳಗೆ

ಅಂಬಾಸಿಡರ್‌ನ ಮುಂದಿನ ಉದ್ದ ಸೀಟು ಸಾಮಾನ್ಯವಾಗಿ ಡ್ರೈವರ್ ಕಡೆ ಕುಸಿದಿರುತ್ತದೆ. ಆ ಗುಂಡಿಗೆ ಫೋಮ್ ತುಂಬಿ ಮಟ್ಟ ಮಾಡುವುದು ಸುಲಭದ ದಾರಿ. ಆರು ತಿಂಗಳಲ್ಲಿ ಅದೂ ಇಳಿಯುತ್ತದೆ, ಏಕೆಂದರೆ ಕುಸಿದಿರುವುದು ಅಡಿಯ ಸ್ಪ್ರಿಂಗ್. ಹೊದಿಕೆ ಕಿತ್ತ ದಿನ ನೀವೇ ಹೋಗಿ ಒಂದೊಂದು ಸುರುಳಿಯನ್ನೂ ಕೈಯಿಂದ ಒತ್ತಿ ನೋಡಿ. ಮುರಿದದ್ದು, ಸೋತದ್ದು ಬದಲಾಗಲಿ. ತುಕ್ಕು ಉಜ್ಜಿಸಿ ಪ್ರೈಮರ್ ಹೊಡೆಸಿ. ಸ್ಪ್ರಿಂಗಿಗೂ ಫೋಮಿಗೂ ನಡುವೆ ದಪ್ಪ ಗೋಣಿಬಟ್ಟೆ ಇರಲೇಬೇಕು. ಅದಿಲ್ಲದಿದ್ದರೆ ತಂತಿ ಫೋಮನ್ನು ಕೊಯ್ಯುತ್ತಾ ಹೋಗಿ ಒಂದು ದಿನ ರೆಕ್ಸಿನ್ನಿಗೇ ಚುಚ್ಚುತ್ತದೆ.

ಫೋಮನ್ನು ಸಾಂದ್ರತೆ ಕೇಳಿ ಕೊಳ್ಳಿ. ಕೂರುವ ಭಾಗಕ್ಕೆ ಘನ ಮೀಟರಿಗೆ 40 ಕಿಲೋ, ಒರಗುವ ಭಾಗಕ್ಕೆ 28ರಿಂದ 32 ಸಾಕು. ಅಂಗಡಿಯವರ ಮಾತು ನಂಬುವ ಬದಲು ತಕ್ಕಡಿ ನಂಬಿ: ಒಂದು ಅಡಿ ಚೌಕದ, ಎರಡಿಂಚು ದಪ್ಪದ 40ರ ತುಂಡು ಸುಮಾರು 190 ಗ್ರಾಂ ತೂಗಬೇಕು. 130ರ ಆಸುಪಾಸು ಬಂದರೆ ನಿಮಗೆ ಸಿಕ್ಕಿರುವುದು 28ರದ್ದು. ತೂಕ ಏರಿಸಲು ಸುಣ್ಣದ ಕಲ್ಲಿನ ಪುಡಿ ಬೆರೆಸಿದ ಫೋಮೂ ಉಂಟು. ಒತ್ತಿ ಬಿಟ್ಟರೆ ತಡವಾಗಿ ಮೇಲೇಳುತ್ತದೆ, ಉಜ್ಜಿದರೆ ಕೈಗೆ ಪುಡಿ ಹತ್ತುತ್ತದೆ. ಸ್ಪ್ರಿಂಗ್ ಸರಿಯಿದ್ದರೆ ಮೇಲೆ ಎರಡಿಂಚಿಗಿಂತ ಹೆಚ್ಚು ಬೇಡ. ‘ಮೆತ್ತಗಿರಲಿ’ ಎಂದು ನಾಲ್ಕಿಂಚು ಹಾಕಿಸಿದರೆ ತೊಡೆ ಸ್ಟೀರಿಂಗಿಗೆ ತಾಗುತ್ತದೆ, ಕ್ಲಚ್ಚಿಗೆ ಕಾಲು ಚಾಚಬೇಕಾಗುತ್ತದೆ.

ರೆಕ್ಸಿನ್ನೋ ಚರ್ಮವೋ

ಅಂಬಾಸಿಡರ್‌ಗೆ ಒಳ್ಳೆಯ ರೆಕ್ಸಿನ್ನೇ ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ. ನಮ್ಮ ರಸ್ತೆಗಳಲ್ಲಿ ಆ ಕಾರು ಓಡಾಡಿದ್ದು ಹೆಚ್ಚಾಗಿ ಅದೇ ಹೊದಿಕೆಯಲ್ಲಿ. ಬಿಸಿಲಿಗೆ ಕಾಯುತ್ತದೆ ನಿಜ. ಸರ್ಕಾರಿ ಕಾರುಗಳ ಬಿಳಿ ಟರ್ಕಿ ಟವೆಲಿನ ಬೆಲೆ, ಮಧ್ಯಾಹ್ನ ಎರಡು ಗಂಟೆಗೆ ಬರೀ ರೆಕ್ಸಿನ್ ಮೇಲೆ ಕೂತವರಿಗೇ ಗೊತ್ತು.

ರೆಕ್ಸಿನ್ ಪರೀಕ್ಷೆ ಅಂಗಡಿಯಲ್ಲೇ ಆಗಬೇಕು. ಹಿಂಬದಿಯಲ್ಲಿ ಹೆಣಿಗೆ ಬಟ್ಟೆ ಇದ್ದರೆ ಹಿಗ್ಗಿ ತಿರುವಿನಲ್ಲಿ ಚೆನ್ನಾಗಿ ಕೂರುತ್ತದೆ. ಬರೀ ತೆಳು ನೇಯ್ಗೆ ಇದ್ದರೆ ಮೂಲೆಯಲ್ಲಿ ನೆರಿಗೆ. ಮಡಿಸಿ ಉಗುರಿನಿಂದ ಒತ್ತಿ. ಮಡಿಕೆಯಲ್ಲಿ ಬಿಳಿ ಗೆರೆ ಕಂಡರೆ ಬೇಡ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ. ಸೋಫಾದ ರೆಕ್ಸಿನ್ ಅಗ್ಗವೆಂದು ತರಬೇಡಿ. ಕಾರಿನೊಳಗೆ ಬಳಸುವ ವಸ್ತುಗಳು ಎಷ್ಟು ಬೇಗ ಉರಿಯಬಾರದು ಎಂಬುದಕ್ಕೆ ಐಎಸ್ 15061 ಎಂಬ ಮಾನಕವಿದೆ, ಅದಕ್ಕೆ ಹೊಂದುವ ಆಟೊಮೊಬೈಲ್ ದರ್ಜೆಯದ್ದನ್ನೇ ಕೇಳಿ. ‘ಪಿಯು ಲೆದರ್’ ಮುಟ್ಟಲು ನಯ, ಆದರೆ ತೇವಕ್ಕೆ ಒಳಗಿನಿಂದಲೇ ಒಡೆದು ಸಿಪ್ಪೆ ಏಳುತ್ತದೆ. ಮಂಗಳೂರು, ಕಾರವಾರದ ಕಡೆಯವರು ಅದರ ತಂಟೆಗೇ ಹೋಗಬಾರದು.

ಲೆಕ್ಕ ಹೀಗೆ: ರೆಕ್ಸಿನ್ ಅಗಲ ಸಾಮಾನ್ಯವಾಗಿ 54 ಇಂಚು. ಎರಡೂ ಸೀಟು, ನಾಲ್ಕು ಬಾಗಿಲು, ಪೈಪಿಂಗ್ ಎಲ್ಲ ಸೇರಿ 9ರಿಂದ 10 ಮೀಟರ್ ಇಟ್ಟುಕೊಳ್ಳಿ. ಅದನ್ನೂ ಒಂದೇ ರೋಲಿನಿಂದ, ಒಂದೇ ಸಲ ಕತ್ತರಿಸಿ. ಕಡಿಮೆ ಬಿತ್ತೆಂದು ತಿಂಗಳ ನಂತರ ತಂದ ಅದೇ ನಂಬರಿನ ಮರೂನ್ ಪಕ್ಕಪಕ್ಕ ಇಟ್ಟಾಗ ಬೇರೆಯೇ ಕಾಣುತ್ತದೆ.

ಚರ್ಮವೇ ಬೇಕೆಂದರೆ 1ರಿಂದ 1.2 ಮಿ.ಮೀ. ದಪ್ಪದ್ದು. ಅದು ಸಿಗುವುದು ಚದರ ಅಡಿ ಲೆಕ್ಕದಲ್ಲಿ. ಒಂದು ಮೀಟರ್ ರೆಕ್ಸಿನ್ ಜಾಗಕ್ಕೆ ಹಾಳಾಗುವುದೂ ಸೇರಿ 18–20 ಚದರ ಅಡಿ ಬೇಕು. ಹತ್ತಿರ ಹತ್ತಿರ 180 ಚದರ ಅಡಿ ಎಂದರೆ 45–50 ಅಡಿಯ ನಾಲ್ಕು ತೊಗಲು. ಬೆನ್ನಿನ ಭಾಗ ಕೂರುವ ಜಾಗಕ್ಕೆ, ಹಿಗ್ಗುವ ಹೊಟ್ಟೆಯ ಭಾಗ ಸೀಟಿನ ಹಿಂಬದಿಗೆ. ಇದನ್ನು ನೀವೇ ಹೇಳಿಕೊಡಬೇಕಾಗುವಂಥ ಕೆಲಸದವರ ಕೈಗೆ ಚರ್ಮ ಕೊಡಬೇಡಿ.

ಹೊಲಿಗೆ

ಹತ್ತಿ ದಾರ ಬೆವರಿಗೆ, ಬಿಸಿಲಿಗೆ ಕೊಳೆಯುತ್ತದೆ. ಬೇಕಾದದ್ದು 69 ನಂಬರಿನ ಬಾಂಡೆಡ್ (ಎಳೆ ಬಿಚ್ಚಿಕೊಳ್ಳದಂತೆ ಬೆಸೆದ) ಪಾಲಿಯೆಸ್ಟರ್, ಸೂಜಿ 18ರದ್ದು. ಗಟ್ಟಿಯಾಗಲೆಂದು ಹೊಲಿಗೆ ಒತ್ತೊತ್ತಾಗಿ ಹಾಕಿದರೆ ಫಲ ತಿರುಗುಮುರುಗು. ಇಂಚಿಗೆ ಆರೇಳು ಹೊಲಿಗೆ ಸರಿ. ಹನ್ನೆರಡು ಹಾಕಿದರೆ ರೆಕ್ಸಿನ್ ಅಂಚೆಚೀಟಿಯ ತೂತಿನ ಸಾಲಿನಂತಾಗಿ, ಇಳಿದು ಹತ್ತುವಾಗ ಉಜ್ಜುವ ಬಾಗಿಲ ಕಡೆಯ ಅಂಚಿನಲ್ಲಿ ಸರ್ರನೆ ಹರಿದುಕೊಳ್ಳುತ್ತದೆ. ಹರಿದ ಹಳೆ ಸೀಟೊಂದನ್ನು ಹತ್ತಿರದಿಂದ ನೋಡಿ: ದಾರ ಗಟ್ಟಿಯಾಗೇ ಇರುತ್ತದೆ, ಪಕ್ಕದ ರೆಕ್ಸಿನ್ ಹೋಗಿರುತ್ತದೆ.

ಟಾಪ್, ಬಾಗಿಲು, ನೆಲ

ಸೀಟು ಕಾರಿನೊಳಗೆ ಕೂರುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಟಾಪ್ ಲೈನಿಂಗ್. ಅದರ ಮುಂದಿನ, ಹಿಂದಿನ ಅಂಚುಗಳು ಗಾಜಿನ ರಬ್ಬರಿನ ಕೆಳಗೆ ಸೇರಬೇಕಾದ್ದರಿಂದ ಗಾಜು ಇಳಿಸಬೇಕು, ಹಾಗೇ ರಬ್ಬರೂ ಹೊಸದಾಗಲಿ. ಬಟ್ಟೆಯನ್ನು ಎತ್ತಿ ಹಿಡಿಯುವ ಬಾಗಿದ ಕಂಬಿಗಳು ನೋಡಲು ಒಂದೇ ಥರ, ಆದರೆ ಬಾಗು ಒಂದೊಂದರದ್ದೂ ಬೇರೆ. ಬಿಚ್ಚುವಾಗಲೇ ಟೇಪ್ ಅಂಟಿಸಿ ಮುಂದಿನಿಂದ ನಂಬರು ಹಾಕಿ, ಯಾವ ತೂತಿನಲ್ಲಿತ್ತು ಎಂದು ಫೋಟೊ ತೆಗೆದಿಡಿ. ಎರಡು ಕಂಬಿ ಅದಲುಬದಲಾದರೂ ಚಾವಣಿ ಸಪಾಟಾಗುವುದಿಲ್ಲ. ಅಂಚಿಗೆ ಶಾಖ ತಡೆಯುವ ಗಮ್ಮೇ ಬೇಕು. ಮಾಮೂಲಿ ಗಮ್ಮು ಮೊದಲ ಬೇಸಿಗೆಯಲ್ಲೇ ಬಿಡುತ್ತದೆ.

ಬಾಗಿಲಿನ ಹಾರ್ಡ್‌ಬೋರ್ಡ್ ಉಬ್ಬಿದ್ದರೆ ಕಾರಣ ಗಾಜಿನ ಪಕ್ಕದಿಂದ ಇಳಿದ ಮಳೆನೀರು. ಹೊಸ ಬೋರ್ಡಿನ ಅಂಚಿಗೂ ಕ್ಲಿಪ್ಪಿನ ತೂತಿಗೂ ವಾರ್ನಿಷ್ ಕುಡಿಸಿ, ಹಿಂದೆ ದಪ್ಪ ಪಾಲಿಥಿನ್ ಹಾಳೆ ಅಂಟಿಸಿ, ತಳದ ಅಂಚು ಬಾಗಿಲಿನ ಒಳಕ್ಕೆ ಹೋಗುವಂತೆ.

ನೆಲಕ್ಕೆ ಮ್ಯಾಟಿನಡಿ ನಾರಿನ ಫೆಲ್ಟ್ ಬೇಡ, ಮಲೆನಾಡಿನಲ್ಲಂತೂ ಬೇಡವೇ ಬೇಡ. ನೀರು ಹೀರಿ ತಗಡನ್ನು ತಿನ್ನುತ್ತದೆ. ಐದಾರು ಮಿ.ಮೀ. ದಪ್ಪದ, ನೀರು ಹೀರದ ಫೋಮ್ ಹಾಳೆ ಹಾಕಿ.

ಕಾರು ಕೈಗೆ ಬರುವಾಗ ಉಳಿದ ರೆಕ್ಸಿನ್ ತುಂಡುಗಳನ್ನೂ ಕೇಳಿ ಪಡೆಯಿರಿ. ಮುಂದೆ ಎಲ್ಲಾದರೂ ಹರಿದರೆ ಆ ಬಣ್ಣ ಮತ್ತೆ ಸಿಗದು. ಮಡಿಸಿ ಇಡಬೇಡಿ, ಮಡಿಕೆಯ ಗೆರೆ ಹೋಗುವುದಿಲ್ಲ. ನಯವಾದ ಬದಿ ಹೊರಗಿರುವಂತೆ ಕೊಳವೆಯೊಂದಕ್ಕೆ ಸುತ್ತಿ ಬೀರುವಿನ ಮೇಲೆ ಇಡಿ.