ಓದುಗರನ್ನು ಹಿಂದಕ್ಕೆ ಕಳಿಸುತ್ತಿದ್ದ ಅಕ್ಷರಗಳು

ನಮ್ಮೂರಿನ ಗ್ರಂಥಾಲಯದ ಜಾಲತಾಣವನ್ನು ತೆರೆದವರು ಕೂಡಲೇ ಮುಚ್ಚಿಬಿಡುತ್ತಿದ್ದುದೇಕೆಂಬುದು, ಅದನ್ನು ನಾನೇ ಮೊಬೈಲಿನಲ್ಲಿ ತೆರೆದು, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲುಗಳನ್ನು ಕಂಡಾಗ ತಿಳಿಯಿತು. ಹಳೆಯ ಬರಹಗಳೆಲ್ಲ ಆಸ್ಕಿ ಫಾಂಟಿನಲ್ಲಿದ್ದವು. ಅಂಥ ಫಾಂಟು ರೋಮನ್ ಸಂಕೇತಗಳಿಗೆ ಕನ್ನಡದ ಆಕಾರವನ್ನಷ್ಟೇ ತೊಡಿಸುವುದರಿಂದ, ಅದಿಲ್ಲದ ಸಾಧನದಲ್ಲಿ ಬರಹವನ್ನು ಓದಲಾಗದು, ಹುಡುಕಲಂತೂ ಆಗದು. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ನೀಡುವ ಮಾನದಂಡವಾದ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಸಂಕೇತಗಳನ್ನು ಕೊಟ್ಟಿರುವಾಗ ಓದುಗರು ಹೀಗೆ ಬರಿಗೈಯಲ್ಲಿ ಮರಳಿದ್ದು ನನಗೆ ನಿಜಕ್ಕೂ ನೋವು ತಂದಿತು.

ಪರಿವರ್ತಕ ತಂತ್ರಾಂಶದಿಂದ ಎಲ್ಲವನ್ನೂ ಯೂನಿಕೋಡಿಗೆ ತಂದೆ. ಶ್ರಮವಿದ್ದುದು ಅರ್ಕಾವತ್ತಿನಲ್ಲಿ: ಹಳೆಯ ಪದ್ಧತಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರವಿರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ಮೊದಲು ಬರಬೇಕು. ಹೀಗಾಗಿ ‘ಸೂರ್ಯ’ ಎಂಬುದು ‘ಸೂಯರ್’ ಆಗಿತ್ತು. ಅಂಥವನ್ನು ಸಾಲುಸಾಲಾಗಿ ಓದಿ ತಿದ್ದಿದೆ. ಈಗ ಪುಸ್ತಕದ ಹೆಸರನ್ನು ಕನ್ನಡದಲ್ಲೇ ಹುಡುಕಿದರೂ ಪುಟ ಸಿಗುತ್ತದೆ.