‘ಹೇಳು’ ಎಂಬ ಒಂದೇ ಪದದಿಂದಾಗುವ ಫಜೀತಿ: ನನ್ನ ಅನುಭವ

ಕನ್ನಡದವರಿಗೆ ಇಂಗ್ಲಿಷ್ ಕಲಿಸುವಾಗ ಸೇ, ಟೆಲ್ ಎರಡಕ್ಕೂ ‘ಹೇಳು’ ಎಂದು ಅರ್ಥ ಬರೆಸಿದರೆ ಗೊಂದಲ ಅಲ್ಲಿಂದಲೇ ಶುರು. ಹಾಗಾಗಿ ನಾನು ಅರ್ಥ ಬರೆಸುವುದಿಲ್ಲ, ಆ ಪದ ಆದಮೇಲೆ ಏನು ಬರುತ್ತದೆ ಅನ್ನುವುದನ್ನು ಬರೆಸುತ್ತೇನೆ. ಟೆಲ್ ಆದಮೇಲೆ ನೇರವಾಗಿ ಮನುಷ್ಯ: ‘ಟೆಲ್ ಮಿ’, ‘ಟೋಲ್ಡ್ ಹರ್’. ಸೇ ಆದಮೇಲೆ ಮಾತು; ಮನುಷ್ಯ ಬೇಕೆಂದರೆ ನಡುವೆ ‘ಟು’ ಬರಬೇಕು.

ತಪ್ಪಿನ ಬೇರು ಬಹುಪಾಲು ನಮ್ಮ ‘ಗೆ’ ಪ್ರತ್ಯಯದಲ್ಲಿದೆ. ‘ಅವನಿಗೆ ಹೇಳಿದೆ’ ಎಂಬುದೇ ‘ಐ ಟೋಲ್ಡ್ ಟು ಹಿಮ್’ ಆಗುತ್ತದೆ. ‘ಅದರ ಬಗ್ಗೆ ಚರ್ಚಿಸಿದೆವು’ ಅನ್ನುವುದು ‘ಡಿಸ್ಕಸ್ಡ್ ಅಬೌಟ್’ ಆಗುತ್ತದೆ. ಅಲ್ಲಿ ಅಬೌಟ್ ಬೇಡ. ತಮಾಷೆಯೆಂದರೆ, ‘ಟು’ ಬೇಕೇ ಬೇಕಾದ ಎಕ್ಸ್‌ಪ್ಲೇನ್ ಜೊತೆ ಅದನ್ನು ಬಿಟ್ಟು ‘ಎಕ್ಸ್‌ಪ್ಲೇನ್ ಮಿ’ ಅನ್ನುತ್ತಾರೆ. ಸ್ಪೀಕ್, ಟಾಕ್ ವ್ಯತ್ಯಾಸಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಭಾಷೆಯ ಹೆಸರು ಬಂದರೆ ಸ್ಪೀಕ್. ಉಳಿದ ಕಡೆ ಸಾಮಾನ್ಯವಾಗಿ ಯಾವುದಾದರೂ ನಡೆದೀತು.

ಮಾತಿನ ಧಾಟಿಯ ಪದಗಳನ್ನು ಬಾಯಿಂದಲೇ ಕಲಿಸಬೇಕು. ‘ಕಾಫಿ ತಣ್ಣಗಾಗಿದೆ’ ಎಂಬ ಒಂದೇ ವಾಕ್ಯವನ್ನು ಮೂರು ರೀತಿ ಹೇಳಿಸುತ್ತೇನೆ. ತುಟಿ ಸರಿಯಾಗಿ ಬಿಚ್ಚದೆ ಅಕ್ಷರ ನುಂಗಿದರೆ ಮಂಬಲ್. ತಗ್ಗಿದ ದನಿಯಲ್ಲಿ, ತನಗೆ ತಾನೇ ಸಿಡುಕಿಕೊಂಡರೆ ಮಟರ್. ಎಲ್ಲರಿಗೂ ಕೇಳುವ ಹಾಗೆ ಅದನ್ನೇ ದೂರುತ್ತಾ ಕೂತರೆ ಗ್ರಂಬಲ್. ನಿಘಂಟು ನೋಡಿದವರಿಗೆ ಮೂರೂ ‘ಗೊಣಗು’.

ಬ್ಲಂಟ್ ಇನ್ನೊಂದು ಎಡವಟ್ಟು. ಚಾಕು ಬ್ಲಂಟ್ ಆದರೆ ಮೊಂಡು, ಆದರೆ ಬ್ಲಂಟ್ ಮನುಷ್ಯ ಮೊಂಡನಲ್ಲ; ಮುಖಕ್ಕೆ ಹೊಡೆದ ಹಾಗೆ ಮಾತಾಡುವವನು. ಸಂದರ್ಶನದಲ್ಲಿ ತನ್ನನ್ನು ಹೊಗಳಿಕೊಳ್ಳಲು ಈ ಪದ ಬೇಡ, ಫ್ರಾಂಕ್ ಸಾಕು. ಟಾಕೇಟಿವ್ ಕೂಡ ಅಲ್ಲಿ ಹೊಗಳಿಕೆಯಾಗುವುದಿಲ್ಲ, ವಾಚಾಳಿ ಎಂದಂತಾಗುತ್ತದೆ. ವಿಚಾರವನ್ನು ಸ್ಪಷ್ಟವಾಗಿ ಹೇಳಬಲ್ಲೆ ಎನ್ನಲು ಆರ್ಟಿಕ್ಯುಲೇಟ್ ಇದೆ.

ಅಭ್ಯಾಸಕ್ಕೆ ಟಿವಿ ಚರ್ಚೆಗಿಂತ ಒಳ್ಳೆಯ ಸಾಮಗ್ರಿ ಸಿಕ್ಕಿಲ್ಲ, ಕನ್ನಡದ್ದೇ ಆದರೂ ಸರಿ. ಮೂರು ನಿಮಿಷ ನೋಡಿ, ಯಾರು ಏನು ಮಾಡಿದರು ಎಂದು ಇಂಗ್ಲಿಷಿನಲ್ಲಿ ಆರು ವಾಕ್ಯ ಬರೆಯಬೇಕು. ‘ಸೆಡ್’ ಒಂದು ಸಲ ಮಾತ್ರ. ನಡುವೆ ಬಾಯಿ ಹಾಕಿದವರು ಇಂಟರಪ್ಟೆಡ್, ಪ್ರಶ್ನೆಯಿಂದ ನುಣುಚಿಕೊಂಡವರು ‘ಡಾಡ್ಜ್ಡ್ ದ ಕ್ವೆಶ್ಚನ್’. ಇಲ್ಲಿ ಹೆಚ್ಚಿನವರು ಮುಗ್ಗರಿಸುವುದು ‘ನಿರಾಕರಿಸಿದರು’ ಬಂದಾಗ. ಆರೋಪ ಅಲ್ಲಗಳೆದರೆ ಡಿನೈಡ್; ಉತ್ತರ ಕೊಡಲು ಒಪ್ಪದಿದ್ದರೆ ರಿಫ್ಯೂಸ್ಡ್. ‘ಹಿ ಡಿನೈಡ್ ಟು ಆನ್ಸರ್’ ಎಂದು ಬರೆದ ಹಾಳೆಯನ್ನು ವಾಪಸ್ ಕೊಟ್ಟು ಅದೇ ಮೂರು ನಿಮಿಷವನ್ನು ಮತ್ತೆ ನೋಡಿಸುತ್ತೇನೆ.